ಇದಲೀನಾ ಚಿಕ್ಕಮ್ಮ ಓದದ ಕಾಗದ

ನನ್ನ ಚಿಕ್ಕಮ್ಮ ಇದಲೀನಾ ಪೋರ್ಚುಗಲ್ಲಿನ ಅಸೋರೆಸ್ ದ್ವೀಪಗಳಿಂದ ಕೆನಡಾಕ್ಕೆ ಬಂದಾಗ ಅವಳಿಗೆ ಹತ್ತೊಂಬತ್ತು ವರ್ಷ. ಹೊಲಿಗೆ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಾ, ಅಕ್ಕಪಕ್ಕದವರ ಮಾತಿಗೆ ಕಿವಿಗೊಟ್ಟೇ ಇಂಗ್ಲಿಷ್ ಕಲಿತಳು. ಮದುವೆಯಾಗಲಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ.

ಆಗ ನಮ್ಮ ನಗರಕ್ಕೆ ತನ್ನದೇ ಶಾಲಾ ಮಂಡಳಿ ಇತ್ತು. ನೂರನಲವತ್ತು ವರ್ಷ ಹಳೆಯದು. ಬಡಾವಣೆಯ ಜನರೇ ಆರಿಸಿ ಕಳಿಸಿದವರು ಅದರ ಸದಸ್ಯರು. ಅಂಗಡಿಯಲ್ಲಿ ಸಿಕ್ಕರೂ ತಡೆದು ನಿಲ್ಲಿಸಿ ಬೈಯಬಹುದಿತ್ತು. ಎಪ್ಪತ್ತರ ದಶಕದಲ್ಲಿ ಒಂದು ದಿನ ನಮ್ಮ ಪೋರ್ಚುಗೀಸ್ ತಾಯ್ತಂದೆಯರು ಮಂಡಳಿಯ ಸಭೆಗೆ ನುಗ್ಗಿದರು. ಅವರ ಮಕ್ಕಳನ್ನು ಸಾಲುಸಾಲಾಗಿ ಮಂದಬುದ್ಧಿಯವರ ತರಗತಿಗೆ ಹಾಕಲಾಗಿತ್ತು. “ನಮ್ ಮಕ್ಳು ದಡ್ರಲ್ಲ, ಭಾಷೆ ಬರಲ್ಲ ಅಷ್ಟೆ!” ಎಂದು ಅವರು ತಮ್ಮ ಭಾಷೆಯಲ್ಲೇ ಕೂಗುತ್ತಿದ್ದರೆ ಸದಸ್ಯರಿಗೆ ಒಂದಕ್ಷರವೂ ತಿಳಿಯಲಿಲ್ಲ. ಕೊನೆಯ ಸಾಲಿನಲ್ಲಿದ್ದ ಚಿಕ್ಕಮ್ಮ ಎದ್ದು ಮುಂದೆ ಹೋಗಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಮರುವರ್ಷ ಮಂಡಳಿ ಮನೆಗೂ ಶಾಲೆಗೂ ನಡುವೆ ಓಡಾಡಲು ಕೆಲವರನ್ನು ನೇಮಿಸಿಕೊಂಡಾಗ ಅವಳಿಗೂ ಕೆಲಸ ಸಿಕ್ಕಿತು.

ಇಪ್ಪತ್ತೊಂದು ವರ್ಷ ಅವಳು ಮನೆಮನೆಯ ಅಡುಗೆಮನೆಯಲ್ಲಿ ಕೂತು ಶಾಲೆಯ ಕಾಗದ ಓದಿ ಹೇಳಿದಳು. ಹಾಗೆ ಹೋದಲ್ಲೆಲ್ಲ ಕೇಲ್ ಸೊಪ್ಪಿನ ಸಾರು, ಸಿಹಿ ಬ್ರೆಡ್ಡು. “ನಾನು ಹಿಂಗೆ ಊದಿರೋದಕ್ಕೆ ಮಂಡಳೀನೇ ಕಾರಣ ಕಣೇ” ಎಂದು ನಗುತ್ತಿದ್ದಳು.

ತೊಂಬತ್ತೇಳರಲ್ಲಿ ಪ್ರಾಂತ್ಯದ ಸರ್ಕಾರ ನಮ್ಮ ಮಂಡಳಿಯನ್ನೂ ಸುತ್ತಲಿನವುಗಳನ್ನೂ ಸೇರಿಸಿ ಒಂದೇ ದೊಡ್ಡ ಮಂಡಳಿ ಮಾಡಿತು. ಡಿಸೆಂಬರಿನ ಕೊನೆಯ ಸಭೆಗೆ ನನ್ನನ್ನೂ ಕರೆದುಕೊಂಡು ಹೋದಳು. ಅಧ್ಯಕ್ಷೆಗೆ ವಂದನೆಯ ಮಾತನ್ನು ಪೂರ್ತಿ ಓದಲಾಗಲಿಲ್ಲ. ಸಭೆ ಮುಗಿದರೂ ಜನ ಕುರ್ಚಿ ಬಿಟ್ಟು ಏಳಲಿಲ್ಲ. ಮುಂದಿನ ಜೂನಿನಲ್ಲಿ ಚಿಕ್ಕಮ್ಮನಿಗೇ ಒಂದು ಕಾಗದ ಬಂತು. ಅವಳ ಹುದ್ದೆ ಇನ್ನಿಲ್ಲ ಎಂಬ ಮೂರು ಸಾಲು. ಒಲೆಯ ಮುಂದೆ ನಿಂತೇ ಓದಿದಳು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ ದಿಯೊಲಿಂದಾ ಬಾಗಿಲು ತಟ್ಟಿದಳು. ನಮ್ಮ ಬೀದಿಯವಳೇ, ಆಫೀಸುಗಳಲ್ಲಿ ಕಸ ಗುಡಿಸುವ ಕೆಲಸ. ಅವಳ ಮಗಳು ನೆಲ್ಯಾ ಒಂದನೇ ತರಗತಿ.

“ಇದಲೀನಾ ಅಕ್ಕ, ಸ್ಕೂಲಿಂದ ಕಾಗದ ಬಂದಿದೆ. ಒಂಚೂರು ನೋಡ್ತೀರಾ?”

“ಸ್ಕೂಲಿಗೂ ನಂಗೂ ಈಗ ಏನೂ ಸಂಬಂಧ ಇಲ್ಲಮ್ಮ.”

“ಟೀಚರ್ ಫೋನೂ ಮಾಡಿದ್ರು. ನಾನು ಯೆಸ್ ಯೆಸ್, ಥ್ಯಾಂಕ್ ಯೂ ಅಂದು ಇಟ್ಬಿಟ್ಟೆ.”

“ಹೊಸ ಆಫೀಸಿಗೆ ಹೋಗು. ನಾನು ಬೇಡ ಅಂದ್ರಲ್ಲ, ಅವ್ರೇ ಓದಿ ಹೇಳ್ಲಿ.”

ದಿಯೊಲಿಂದಾ ಕಾಗದ ಮಡಚಿಕೊಂಡಳು. “ಬೇಜಾರ್ ಮಾಡ್ಕೋಬೇಡಿ ಅಕ್ಕ” ಎಂದು ಮೆಟ್ಟಿಲಿಳಿದು ಹೋದಳು.

ನಾನು ಅಲ್ಲೇ ಮೇಜಿನ ಹತ್ತಿರ ಆಲೂಗಡ್ಡೆ ಸುಲಿಯುತ್ತಿದ್ದೆ. ಇಲ್ಲೇ ಹುಟ್ಟಿದವಳು, ಇಂಗ್ಲಿಷ್ ಚಿಕ್ಕಮ್ಮನಿಗಿಂತ ಚೆನ್ನಾಗಿ ಬರುತ್ತಿತ್ತು. ಎದ್ದರೆ ಅವಳಿಗೆ ಸಿಟ್ಟು ಬಂದೀತು ಅನ್ನಿಸಿತು. ಏಳಲಿಲ್ಲ.

ಮಾರ್ಚಿನಲ್ಲಿ, ನೆಲ್ಯಾ ಹಾದಿಯಲ್ಲಿ ಕಂಬಕ್ಕೆ ಡಿಕ್ಕಿ ಹೊಡೆದು ಬಿದ್ದಳು, ನಾಳೆ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂದು ಬೇಕರಿಯಲ್ಲಿ ಯಾರೋ ಹೇಳಿದರು. ಚಿಕ್ಕಮ್ಮ ಬ್ರೆಡ್ಡನ್ನು ಅಲ್ಲೇ ಬಿಟ್ಟು ಅವರ ಮನೆಗೆ ಓಡಿದಳು, ಹಿಂದೆಯೇ ನಾನೂ. ದಿಯೊಲಿಂದಾ ಯಾರಿಂದಲೂ ಓದಿಸದೆ ಫ್ರಿಜ್ಜಿನ ಮೇಲಿಟ್ಟಿದ್ದ ಆ ಕಾಗದ ತೆಗೆದುಕೊಟ್ಟಳು. ಚಿಕ್ಕಮ್ಮ ಓದಿ ಹೇಳಿದಳು. ನೆಲ್ಯಾ ಪುಸ್ತಕವನ್ನು ಓರೆಯಾಗಿ ಹಿಡಿಯುತ್ತಾಳೆ, ಎಡಗಣ್ಣು ಸರಿಯಾಗಿ ಕಾಣುತ್ತಿಲ್ಲವೇನೋ, ದಯವಿಟ್ಟು ಬೇಗ ವೈದ್ಯರಿಗೆ ತೋರಿಸಿ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ದಿಯೊಲಿಂದಾಗೆ ತಿಳಿಸಿದವಳೂ ಚಿಕ್ಕಮ್ಮನೇ. ಕಣ್ಣೊಳಗೆ ಒತ್ತಡ ಏರಿ ನರ ಸತ್ತುಹೋಗಿದೆ. ಬಲಗಣ್ಣನ್ನು ಔಷಧ ಹಾಕಿ ಉಳಿಸಿಕೊಳ್ಳಬಹುದು. ಎಡಗಣ್ಣಿನ ದೃಷ್ಟಿ ಹೋದದ್ದು ಹೋಯಿತು.

“ಡಾಕ್ಟರನ್ನ ಕೇಳಿ ಅಕ್ಕ, ಅಕ್ಟೋಬರಲ್ಲೇ ಬಂದಿದ್ರೆ?” ಎಂದಳು ದಿಯೊಲಿಂದಾ.

ಚಿಕ್ಕಮ್ಮ ಕೇಳಿದಳು. ಡಾಕ್ಟರು ಉತ್ತರ ಕೊಟ್ಟರು. ದಿಯೊಲಿಂದಾಗೆ ಅದು ಅರ್ಥವಾಗಿರಲಿಲ್ಲ. ಚಿಕ್ಕಮ್ಮ ಏನು ಬೇಕಾದರೂ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದಳು: “ಆಗ ಬಂದಿದ್ರೆ ಸ್ವಲ್ಪವಾದ್ರೂ ಉಳೀತಿತ್ತಂತೆ.”

ದಿಯೊಲಿಂದಾ ಮಗಳ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿದಳು. ಬಾಗಿಲ ಬಳಿ ತಿರುಗಿ ನಿಂತು, “ಇನ್ನು ನೀವು ಬರೋದು ಬೇಡ ಅಕ್ಕ. ಇವ್ಳಪ್ಪನ ಕಡೆಯವ್ರು ಯಾರಾದ್ರೂ ಬರ್ತಾರೆ” ಎಂದಳು. ಕೂಗಲಿಲ್ಲ, ಬೈಯಲೂ ಇಲ್ಲ.

ಆ ವಾರವೇ ಚಿಕ್ಕಮ್ಮ ಪಾದ್ರಿಯವರನ್ನು ಕೇಳಿ ಇಗರ್ಜಿಯ ನೆಲಮಾಳಿಗೆಯಲ್ಲಿ ಒಂದು ಮೇಜು ಹಾಕಿಸಿಕೊಂಡಳು. ಹನ್ನೊಂದು ವರ್ಷ ಒಂದು ಶನಿವಾರವೂ ತಪ್ಪಿಸದೆ ಬಂದವರಿಗೆಲ್ಲ ಕಾಗದ ಓದಿ ಹೇಳಿದಳು. ಯಾರಾದರೂ “ದೇವ್ರು ಒಳ್ಳೇದ್ ಮಾಡ್ಲಿ” ಅಂದರೆ “ಮುಂದಿನವ್ರು ಬನ್ನಿ” ಅನ್ನುತ್ತಿದ್ದಳು. ದಿಯೊಲಿಂದಾ ಒಮ್ಮೆಯೂ ಬರಲಿಲ್ಲ. ಪೂಜೆಯಲ್ಲಿ ಚಿಕ್ಕಮ್ಮನನ್ನು ಕಂಡರೆ ಬೇರೆ ಬೆಂಚಿಗೆ ಹೋಗಿ ಕೂರುತ್ತಿದ್ದಳು. ಪ್ರತಿ ಭಾನುವಾರ ಮನೆಗೆ ಬಂದು ಕೋಟು ತೆಗೆಯುವಾಗ ಚಿಕ್ಕಮ್ಮ ಕೇಳುತ್ತಿದ್ದದ್ದು ಒಂದೇ ಮಾತು: “ಮಗು ಹೆಂಗಿದಾಳೆ, ನೋಡಿದ್ಯಾ?”

ಚಿಕ್ಕಮ್ಮ ತೀರಿಕೊಂಡಾಗ ಇಗರ್ಜಿ ತುಂಬಿತ್ತು. ನೆಲ್ಯಾ ಒಬ್ಬಳೇ ಬಂದಿದ್ದಳು, ಎತ್ತರವಾಗಿದ್ದಳು. ಶವಪೆಟ್ಟಿಗೆಯ ಮುಂದೆ ಅವಳ ಎಡಕ್ಕೆ ಹೋಗಿ ನಿಂತೆ. ನಾನಿರುವುದು ಅವಳಿಗೆ ಗೊತ್ತಾಗಲಿಲ್ಲ. ಹೆಸರು ಹಿಡಿದು ಕರೆದ ಮೇಲೆ ಇಡೀ ಮುಖವನ್ನೇ ನನ್ನತ್ತ ತಿರುಗಿಸಿ ನೋಡಿದಳು.

“ಅಮ್ಮ ಬರ್ಲಿಲ್ಲ,” ಎಂದಳು. “ಬಸ್ ಸ್ಟಾಪ್‌ವರೆಗೂ ಬಂದ್ಲು. ವಾಪಸ್ ಹೋದ್ಲು.”