ಮಡಿ ಪಾನಾ

ಹವಾಯಿ ಚಪ್ಪಲಿಯ ಹಿಮ್ಮಡದ ಭಾಗವನ್ನು ಬ್ಲೇಡಿನಿಂದ ಕೊಯ್ದಾಗ ಒಂದು ವಾಸನೆ ಬರುತ್ತದೆ. ರಬ್ಬರಿನದು, ಜೊತೆಗೆ ಒಂಚೂರು ಕಾಲಧೂಳಿನದು. ಹೋದ ವಾರ ಕಮಲಾಪುರದ ನಮ್ಮ ಮನೆಯ ಹಿತ್ತಲ ನಳ ತೊಟ್ಟಿಕ್ಕತೊಡಗಿತು. ಅಂಗಡಿಗೆ ಹೋಗಿ ಅರ್ಧ ಇಂಚಿನ ವಾಷರ್ ಕೇಳಿದರೆ ಅಂಗಡಿಯವನು ನನ್ನ ಮುಖ ನೋಡಿದ. ಈಗ ಅವನ್ನೆಲ್ಲ ಯಾರು ಹಾಕುತ್ತಾರೆ, ನಳವನ್ನೇ ಬದಲಿಸಿಬಿಡಿ ಅಂದ. ಹಿತ್ತಾಳೆಯ ನಳ, ಇನ್ನೂ ನನ್ನಷ್ಟೇ ಗಟ್ಟಿಯಾಗಿದೆ. ಒಂದು ರಬ್ಬರ್ ಚೂರು ಸವೆಯಿತೆಂದು ಅದನ್ನು ಕಿತ್ತು ಎಸೆಯಬೇಕಂತೆ! ಸಿಟ್ಟಿನಲ್ಲೇ ಮನೆಗೆ ಬಂದು, ಹರಿದ ಚಪ್ಪಲಿಯೊಂದನ್ನು ಹುಡುಕಿ, ಬ್ಲೇಡು ಹಿಡಿದು ಕೂತೆ. ಮೊದಲ ಸಲ ಕೊಯ್ದಾಗಲೇ ಆ ವಾಸನೆ ಮೂಗಿಗೆ ಬಂತು… ಕಾಕು ನೆನಪಾದರು. ಕೈ ಮುಂದೆ ಓಡಲಿಲ್ಲ.

ಎಂಬತ್ತರ ದಶಕದ ನಡುವೆ ನಾನು ಗುಲಬರ್ಗಾದ ಒಂದು ಹೆಣ್ಣುಮಕ್ಕಳ ಶಾಲೆಗೆ ಟೀಚರಾಗಿ ಬಂದಾಗ ಅವರ ಮನೆಯ ಹಿಂದಿನ ಎರಡು ಕೋಣೆಗಳು ಬಾಡಿಗೆಗೆ ಸಿಕ್ಕಿದವು. ನಮ್ಮ ಯಜಮಾನರಿಗೆ ಬೀದರಿನಲ್ಲಿ ನೌಕರಿ. ಶನಿವಾರ ಬಂದರೆ ಸೋಮವಾರ ಮೊದಲ ಬಸ್ಸಿಗೆ ಹೊರಡುವರು. ಮನೆಯೊಡತಿ ಐವತ್ತೈದರ ಆಸುಪಾಸಿನ ವೈಷ್ಣವ ಹೆಂಗಸು. ಮರಾಠಿಯಲ್ಲಿ ಶುರುವಾದ ಮಾತು ಕನ್ನಡದಲ್ಲಿ ಮುಗಿಯುತ್ತಿತ್ತು. ಓಣಿಗೆಲ್ಲ ಅವರು ಕಾಕು, ಅವರ ಯಜಮಾನರು ಕಾಕಾ. ಕಾಕಾ ದೇವರಂಥ ಮನುಷ್ಯ, ಆದರೆ ಬಲ್ಬು ಬದಲಿಸಬೇಕೆಂದರೂ ಪಂಚಾಂಗ ನೋಡುವ ಪೈಕಿ. ಮನೆಯಲ್ಲಿ ಏನು ಕೆಟ್ಟರೂ ರಿಪೇರಿ ಕಾಕುವಿನದೇ. ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಸೀಮೆಎಣ್ಣೆ ಸ್ಟೋವು, ಕುಕ್ಕರಿನ ಸೀಟಿ… ಒಂಬತ್ತು ಗಜದ ಕಚ್ಚೆ ಸೀರೆಯುಟ್ಟು ಫರಸಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೆಂದರೆ ಆ ವಸ್ತು ಬಾಯಿ ಬಿಡಲೇಬೇಕು.

ಈ ವಿದ್ಯೆ ಅವರಿಗೆ ಬಂದದ್ದು ಮಡಿಯಿಂದ. ಕಾಕುವಿನ ಮಡಿ ಅಂದರೆ ಸಾಮಾನ್ಯದ್ದಲ್ಲ. ಅಡುಗೆಮನೆಯೊಳಗೆ ಮಿಸ್ತ್ರಿ ಕಾಲಿಡುವಂತಿಲ್ಲ. ಬಾವಿ ಬತ್ತಿದ ಮೇಲೆ ವಿಧಿಯಿಲ್ಲದೆ ನಳವನ್ನು ಒಳಗೆ ತಂದಿದ್ದರು. ಅದು ಸೋರಿದರೆ ಯಾರು ನೋಡಬೇಕು? ತಾವೇ ಕಲಿತರು. ಅವರ ಬಳಿ ಎರಡು ಪಾನಾ, ಅಂದರೆ ಸ್ಪ್ಯಾನರು, ಇದ್ದವು. ಬಚ್ಚಲು, ಅಂಗಳದ ನಟ್ಟುಬೋಲ್ಟು ತಿರುಗಿಸಲು ಒಂದು, ಅದು ಮೈಲಿಗೆ ಪಾನಾ. ಅಡುಗೆಮನೆಯ ನಳಕ್ಕೆ ಮಾತ್ರ ಇನ್ನೊಂದು. ಅದನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಮಡಿಗೆ ಉಡುವ ಹಳೆಯ ಉಣ್ಣೆಯ ಧಾಬಳಿಯ ತುಂಡಿನಲ್ಲಿ ಸುತ್ತಿ, ಒಂದು ತಗಡಿನ ಡಬ್ಬಿಯಲ್ಲಿಟ್ಟು ಮೇಲಿನ ಗೂಡಿನಲ್ಲಿ ಇಡುವರು. ದೇವರ ಸಾಲಿಗ್ರಾಮಕ್ಕೂ ಆ ಪಾನಾಕ್ಕೂ ಸಂಭ್ರಮದಲ್ಲಿ ಹೆಚ್ಚು ಫರಕಿರಲಿಲ್ಲ ಎಂದು ಕಾಕಾ ನಗುತ್ತಿದ್ದರು.

ಆಗಿನ ನಳಗಳಲ್ಲಿ ಚರ್ಮದ ವಾಷರ್ ಇರುತ್ತಿತ್ತು. ಚರ್ಮ ಮುಟ್ಟಿದ ನೀರು ನೈವೇದ್ಯಕ್ಕೆ ನಡೆಯುವುದಿಲ್ಲ. ಅದಕ್ಕೆಂದು ಕಾಕು ಹೊಸ ಸೈಕಲ್ ಟ್ಯೂಬು ತರಿಸಿ, ಅದಕ್ಕೆ ಯಾರ ಕಾಲೂ ತಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಎರಡು ಮೂರು ಪದರ ಅಂಟಿಸಿ ತಾವೇ ವಾಷರ್ ಕತ್ತರಿಸುವರು. ರೂಪಾಯಿ ಬಿಲ್ಲೆ ಇಟ್ಟು ಗೆರೆ ಎಳೆದಂತೆ ಗುಂಡಗೆ. ವರ್ಷಕ್ಕೊಮ್ಮೆ, ಚಾತುರ್ಮಾಸ ಕೂಡುವ ಮೊದಲು, ಸೋರಲಿ ಬಿಡಲಿ, ಹಳೆಯದನ್ನು ತೆಗೆದು ಹೊಸದು ಹಾಕುವರು.

ನಾನು ಲಿಂಗಾಯತರ ಮಗಳು. ಅಡುಗೆಮನೆಯ ಹೊಸ್ತಿಲೇ ನನ್ನ ಗಡಿ. ನಾನು ತವರಿನಿಂದ ತಂದ ಕಮಲಾಪುರದ ಕೆಂಪು ಬಾಳೆಹಣ್ಣು ಒಳಗೆ ಹೋಗುತ್ತಿತ್ತು, ನಾನು ಹೋಗುವಂತಿರಲಿಲ್ಲ. ಸಿಪ್ಪೆ ಇದ್ದದ್ದಕ್ಕೆ ಮೈಲಿಗೆ ಇಲ್ಲವಂತೆ. ಮೊದಮೊದಲು ನನಗೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೆ ಅದೇ ಹೊಸ್ತಿಲ ಹೊರಗೆ ಮಣೆ ಹಾಕಿ ನನ್ನನ್ನು ಕೂರಿಸಿಕೊಂಡು, ಒಳಗಿನಿಂದ ನಳ ಬಿಚ್ಚಿ ತೋರಿಸುತ್ತ, ಆ ಹೆಂಗಸು ನನಗೆ ಎಲ್ಲ ಕಲಿಸಿದರು. ಸೋರದಂತೆ ನಳದ ತಿರುಪಿಗೆ ಸೆಣಬಿನ ನಾರನ್ನು ಯಾವ ಕಡೆಗೆ ಸುತ್ತಬೇಕು, ನಟ್ಟು ಹಟ ಹಿಡಿದರೆ ಬಡಿಯದೆ ಬಿಸಿನೀರು ಹೇಗೆ ಸುರಿಯಬೇಕು ಎಲ್ಲವನ್ನೂ. ಗಂಡ ಊರಲ್ಲಿಲ್ಲದ ಹುಡುಗಿ, ಸಣ್ಣದಕ್ಕೆಲ್ಲ ಮಿಸ್ತ್ರಿಯ ದಾರಿ ಕಾಯಬಾರದು ಎಂಬುದು ಅವರ ಕಾಳಜಿ. ನನ್ನ ತಾಯಿಯೂ ನನಗೆ ಅಷ್ಟು ತಾಳ್ಮೆಯಿಂದ ಏನನ್ನೂ ಕಲಿಸಿರಲಿಲ್ಲ.

ಮೂರನೆಯ ವರ್ಷವೋ ಏನೋ, ಚಳಿಗಾಲ. ಅಂದು ಕಾಕಾನ ತಂದೆಯ ಶ್ರಾದ್ಧ. ಹಿಂದಿನ ದಿನ ಕಾಕು ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಉಳುಕಿಸಿಕೊಂಡಿದ್ದರು. ಎಡಗೈಯಲ್ಲಿ ಸೌಟು ಆಡಿಸಿ ಅಡುಗೆಯನ್ನೇನೋ ಹೂಡಿದರು. ಆದರೆ ಮುಂಜಾನೆಯೇ ಅಡುಗೆಮನೆಯ ನಳ ಕೈಕೊಟ್ಟಿತು. ಎಷ್ಟು ತಿರುಗಿಸಿದರೂ ನಿಲ್ಲದು. ಅದಕ್ಕೆ ನೀರು ಇಳಿಯುವ ಮಾಳಿಗೆಯ ಮೇಲಿನ ಪೀಪಾಯಿ ಆಗಲೇ ಅರ್ಧ ಖಾಲಿ. ಊರ ನೀರು ಬರುವುದು ಮತ್ತೆ ಮರುದಿನ. ಆ ನೀರು ಹೋದರೆ ಅಡುಗೆ ಇಲ್ಲ, ಹನ್ನೆರಡಕ್ಕೆ ಬರುವ ಬ್ರಾಹ್ಮಣರಿಗೆ ಎಲೆ ಇಲ್ಲ, ಮಾವನವರ ಶ್ರಾದ್ಧವೇ ಇಲ್ಲ. ಪಾನಾ ಹಿಡಿಯಲು ಕಾಕುವಿನ ಕೈ ಏಳದು. ಕಾಕಾ ಒದ್ದೆ ಧೋತರದಲ್ಲಿ ಮಾಳಿಗೆ ಹತ್ತಿ, ಪೀಪಾಯಿಯೊಳಗೆ ಭುಜದ ತನಕ ಕೈ ಇಳಿಸಿ, ತಳದ ತೂತಿಗೆ ಬಟ್ಟೆಯ ಉಂಡೆ ಒತ್ತಿ ಹಿಡಿದು ನಿಂತರು.

ಕಾಕು ನಮ್ಮ ಬಾಗಿಲಿಗೆ ಬಂದರು.

"ನೀ ದಿನಾ ಲಿಂಗಪೂಜಾ ಮಾಡ್ಕೊಳ್ಳಾಕಿ. ತಲಿ ಮ್ಯಾಲೆ ನೀರು ಹಾಕ್ಕೊಂಡು ಒದ್ದೀ ಸೀರಿಯೊಳಗ ಬಾ. ಇವತ್ತ ನನ್ನ ಕೈ ನೀನ ನೋಡವಾ" ಅಂದರು.

ಚಳಿಯೋ ಭಯವೋ, ಒದ್ದೆ ಸೀರೆಯಲ್ಲಿ ನಡುಗುತ್ತ, ಜೀವಮಾನದಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದೆ. ಕಾಕು ಎಡಗೈಯಿಂದ ಧಾಬಳಿ ಬಿಚ್ಚಿ ಮಡಿ ಪಾನಾ ಕೊಟ್ಟರು. ನಳ ಬಿಚ್ಚಿದೆ. ಹಳೆಯ ವಾಷರ್ ಕೈಗೆ ಬರುವಷ್ಟರಲ್ಲಿ ಪುಡಿಯಾಯಿತು. ಡಬ್ಬಿಯಲ್ಲಿ ಹೊಸದು ಒಂದೇ ಒಂದಿತ್ತು. ಅದನ್ನು ಎತ್ತಿಕೊಂಡೆ, ಒದ್ದೆ ಕೈಯಿಂದ ಜಾರಿತು, ಫರಸಿಯ ಮೇಲೆ ಉರುಳಿ ನೇರ ಮೋರಿಯೊಳಗೆ ಹೋಯಿತು. ಕಾಕು ಆ ಹೊತ್ತಿಗೆ ಒಲೆಯ ಕಡೆ ತಿರುಗಿ ಎಡಗೈಯಲ್ಲಿ ಪಾಯಸ ತಿರುವುತ್ತಿದ್ದರು. ನೋಡಲಿಲ್ಲ.

ಆಗಲೇ ಹೇಳಬೇಕಿತ್ತು. ಕಾಕು, ಕೈ ಜಾರಿತು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಇವತ್ತು ನನ್ನ ಕೈ ನೀನೇ ಅಂದಿದ್ದರಲ್ಲ, ಆ ಕೈಯೇ ಜಾರಿತೆಂದು ಹೇಗೆ ಹೇಳಲಿ? ಟ್ಯೂಬು ತರಲು ಚೌಕಕ್ಕೆ ಹೋಗಿಬರುವಷ್ಟು ಹೊತ್ತಿಲ್ಲ. ಮೇಲಿನಿಂದ ಕಾಕಾ ನಿಮಿಷಕ್ಕೊಮ್ಮೆ ಆತೇನ, ಆತೇನ ಎಂದು ಕೂಗುತ್ತಿದ್ದರು. ನಾರು ತರುತ್ತೇನೆಂದು ಸುಳ್ಳು ಹೇಳಿ ನನ್ನ ಕೋಣೆಗೆ ಓಡಿದೆ. ರಬ್ಬರೆಂದು ಅಲ್ಲಿದ್ದದ್ದು ಒಂದೇ. ಬಾಗಿಲ ಹಿಂದಿನ ನನ್ನ ಹವಾಯಿ ಚಪ್ಪಲಿ, ಮೇಲೆ ಬಿಳಿ, ಕೆಳಗೆ ನೀಲಿ. ಅದರ ಹಿಮ್ಮಡದಿಂದ ಬ್ಲೇಡಿನಲ್ಲಿ ಒಂದು ಸೊಟ್ಟ ಬಿಲ್ಲೆ ಕೊಯ್ದು, ತಿಕ್ಕಿ ತೊಳೆದು, ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಕೂರಿಸಿದೆ. ನಳ ಗಪ್ಪಾಯಿತು. ಒಂದು ಹನಿಯೂ ಇಲ್ಲ. ಶ್ರಾದ್ಧ ಸಾಂಗವಾಗಿ ನಡೆಯಿತು. ಚಪ್ಪಲಿಯ ನೀರಿನಲ್ಲಿ ಬೆಂದ ಅನ್ನವನ್ನು ಬ್ರಾಹ್ಮಣರು ಉಂಡು, ಸುಖವಾಗಿರು ಎಂದು ಕಾಕಾನನ್ನು ಹರಸಿ ಹೋದರು!

ಅವತ್ತಿನಿಂದ ನನಗೆ ನಿದ್ದೆ ಹತ್ತಲಿಲ್ಲ ಅಂದರೂ ನಡೆದೀತು. ಪಾಪಪುಣ್ಯದ ಲೆಕ್ಕ ನನಗೆ ಅಷ್ಟಾಗಿ ಇರಲಿಲ್ಲ. ಆದರೆ ಆ ನಳ ಬಿಚ್ಚಿದ ದಿನ ಕಾಕುವಿನ ಕಣ್ಣಲ್ಲಿ ನಾನೇನಾಗುತ್ತೇನೆ? ಒಂದು ದಿನ ನಂಬಿ ಒಳಗೆ ಬಿಟ್ಟರೆ ಚಪ್ಪಲಿ ತಂದು ದೇವರ ನೀರಿಗೆ ಹಾಕಿದಳು ಅಂದುಕೊಳ್ಳುವುದಿಲ್ಲವೇ? ಮನೆ ಬಿಡಿಸಿದರೆ ಇನ್ನೊಂದು ಮನೆ ಸಿಕ್ಕೀತು. ಆ ಮಣೆ, ಆ ಹೊಸ್ತಿಲು, ಅವರು ಕಲಿಸುವ ಆ ದನಿ ಮತ್ತೆ ಎಲ್ಲಿ ಸಿಗಬೇಕು? ಚಪ್ಪಲಿಯನ್ನು ಹಿತ್ತಲಿನ ಕಟ್ಟಿಗೆ ರಾಶಿಯ ಹಿಂದೆ ಮುಚ್ಚಿಟ್ಟೆ.

ಚಾತುರ್ಮಾಸ ಹತ್ತಿರ ಬಂತು. ಈ ವರ್ಷದ ವಾಷರನ್ನೂ ನಾನೇ ಹಾಕುತ್ತೇನೆ ಎಂದು ಎರಡು ಸಲ ಕೇಳಿಕೊಂಡೆ. ಕೈ ನೆಟ್ಟಗಾಗಿದೆ, ನೀನು ಶಾಲೆಗೆ ಹೋಗು ಅಂದರು. ಅವತ್ತು ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಸಂಜೆ ಹೆದರುತ್ತಲೇ ಗೇಟು ತೆಗೆದೆ. ಕಾಕು ಅಂಗಳದಲ್ಲಿ ಶ್ಯಾವಿಗೆ ಒಣಹಾಕಿದ್ದನ್ನು ತೆಗೆಯುತ್ತಿದ್ದರು. ನನ್ನನ್ನು ನೋಡಿ, ಯಾಕೆ ಮುಖ ಬಾಡಿದೆ, ಚಹಾ ಕುಡಿ ಎಂದು ಎಂದಿನಂತೆ ಮಣೆ ಹಾಕಿದರು. ನಳದ ಮಾತೇ ಇಲ್ಲ. ಆರು ತಿಂಗಳಲ್ಲಿ ರಬ್ಬರು ಕರ್ರಗಾಗಿರಬೇಕು, ಗುರುತು ಹತ್ತಲಿಲ್ಲ, ಬದುಕಿದೆಯಾ ಬಡಜೀವವೇ ಅಂದುಕೊಂಡೆ. ಆಮೇಲೊಂದು ದಿನ ಕಟ್ಟಿಗೆ ರಾಶಿಯ ಹಿಂದೆ ನೋಡಿದರೆ ಚಪ್ಪಲಿಯೂ ಇರಲಿಲ್ಲ. ಓಣಿಯ ನಾಯಿ ಕಚ್ಚಿಕೊಂಡು ಹೋಗಿರಬೇಕೆಂದು ಇನ್ನಷ್ಟು ನಿರಾಳವಾಯಿತು. ಆ ದಸರೆಗೆ ಕಾಕು ನನಗೆ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ತರಿಸಿಕೊಟ್ಟರು. ಯಾಕೆಂದು ಕೇಳಿದ್ದಕ್ಕೆ, "ಬರಿಗಾಲಲೆ ಭಾಳ ತಿರಗಲಿಕ್ಕೆ ಹತ್ತೀದಿ" ಅಂದರು ಅಷ್ಟೆ.

ತೊಂಬತ್ತರ ದಶಕದಲ್ಲಿ ನನಗೆ ಕಮಲಾಪುರಕ್ಕೇ ವರ್ಗವಾಯಿತು. ಗುಲಬರ್ಗಾಕ್ಕೆ ಹೋದಾಗಲೆಲ್ಲ ಒಂದು ಹಣಿಗೆ ಕೆಂಪು ಬಾಳೆ ಹಿಡಿದು ಕಾಕುವಿನ ಮನೆಗೆ ಹೋಗುವುದು ತಪ್ಪಲಿಲ್ಲ. ಮಣೆಯ ಮೇಲೆ ಕೂತು, ಇವತ್ತು ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವರು ಒಳಗಿನಿಂದ ನಿಂಬೆಹಣ್ಣಿನ ಶರಬತ್ತು ತಂದಿಡುವರು, ನಿಮ್ಮ ಹೊಸ ಮನೆಯ ಪೈಪು ಹೇಗಿವೆ ಎಂದು ವಿಚಾರಿಸುವರು, ಮಾತು ಅತ್ತ ಹೊರಳುವುದು… ಮುಂದಿನ ಸಲ ಹೇಳಿದರಾಯಿತು ಅಂದುಕೊಂಡು ಬಸ್ಸು ಹತ್ತುತ್ತಿದ್ದೆ.

ಮುಂದಿನ ಸಲ ಅನ್ನುವುದು ಮುಗಿದುಹೋಯಿತು. ಎರಡು ಸಾವಿರದ ಆಚೀಚೆ, ಒಂದು ಬೇಸಿಗೆಯಲ್ಲಿ, ಕಾಕು ಎರಡೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ನನಗೆ ಸುದ್ದಿ ಮುಟ್ಟಿದ್ದು ತಡವಾಗಿ. ಹೋದಾಗ ಕರ್ಮಾಂತರವೆಲ್ಲ ಮುಗಿದಿತ್ತು. ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ನಾನು ತಂದಿದ್ದ ಬಾಳೆಹಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ಇಬ್ಬರೂ ನೋಡುತ್ತ ಕೂತೆವು. ಆಮೇಲೆ ಅವರೇ ಎದ್ದು ಒಳಗಿನಿಂದ ಆ ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟರು.

"ಇದು ನಿನಗ ಕೊಡು ಅಂದಾಳ. ಆ ನಳ ಆಕಿ ನನಗೂ ಮುಟ್ಟಗೊಡ್ತಿದ್ದಿಲ್ಲ. ಇದರೊಳಗ ಏನದನೋ ನಾ ನೋಡಿಲ್ಲ."

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಡಬ್ಬಿ ತೆರೆದೆ. ಧಾಬಳಿಯ ತುಂಡು ಬಿಚ್ಚಿದೆ. ಮಡಿ ಪಾನಾ ಇತ್ತು. ಅದರ ಕೆಳಗೆ, ಅದೇ ಧಾಬಳಿಯ ಮಡಿಕೆಯೊಳಗೆ, ಪಟ್ಟಿ ಕಿತ್ತು ಶುಭ್ರವಾಗಿ ತೊಳೆದ ಒಂದು ಹವಾಯಿ ಚಪ್ಪಲಿ. ಮೇಲೆ ಬಿಳಿ, ಕೆಳಗೆ ನೀಲಿ. ಹಿಮ್ಮಡದಲ್ಲಿ ನಾನು ಅವಸರದಲ್ಲಿ ಕೊಯ್ದ ಸೊಟ್ಟ ತೂತು. ಅದರ ಪಕ್ಕದಿಂದ ಮುಂಗಾಲಿನ ತನಕ ಸಾಲಾಗಿ ಬೇರೆ ತೂತುಗಳು, ಒಂದೊಂದೂ ರೂಪಾಯಿ ಬಿಲ್ಲೆ ಇಟ್ಟು ಕತ್ತರಿಸಿದಷ್ಟು ಗುಂಡಗೆ. ಅದು ಕಾಕುವಿನ ಕೈ. ಆ ಮೊದಲ ಚಾತುರ್ಮಾಸದಿಂದ ಹಿಡಿದು ಕೊನೆಯ ವರ್ಷದವರೆಗೂ ಅವರು ತಮ್ಮ ದೇವರ ನಳಕ್ಕೆ ನನ್ನ ಚಪ್ಪಲಿಯನ್ನೇ ಹಾಕುತ್ತ ಬಂದಿದ್ದರು.

ಬಸ್ಸಿನಲ್ಲಿ ಜನ ನೋಡುತ್ತಿದ್ದಾರೆಂಬ ಖಬರಿಲ್ಲದೆ ಅತ್ತೆ. ನಾನು ಹೆದರಿಕೊಂಡು ಸುಮ್ಮನಿದ್ದೆ. ಅವರು ನನಗೆ ನೋವಾದೀತೆಂದು ಸುಮ್ಮನಿದ್ದರು. ಅಷ್ಟು ವರ್ಷ ಹೊಸ್ತಿಲ ಆಚೆಗೊಬ್ಬರು ಈಚೆಗೊಬ್ಬರು ಕೂತು ಇಬ್ಬರೂ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾತಾಡಿದೆವು. ಒಂದು ಸಲ ಹೇಳಿ ಇಬ್ಬರೂ ಕೂಡಿ ನಕ್ಕುಬಿಟ್ಟಿದ್ದರೆ ಎಷ್ಟು ಚಂದ ಇರುತ್ತಿತ್ತು. ಆ ನಗುವನ್ನು ನಾನೇ ಕಳೆದುಕೊಂಡೆ, ಅದರ ಸಂಕಟ ಇವತ್ತಿಗೂ ಇದೆ.

ಹೋದ ವಾರ ಹಿತ್ತಲ ನಳ ಕಡೆಗೂ ನಿಂತಿತು. ವಾಷರ್ ಎಂದಿನಂತೆ ಸೊಟ್ಟ. ಇಷ್ಟು ವರ್ಷವಾದರೂ ಕಾಕುವಿನ ಹಾಗೆ ಗುಂಡಗೆ ಕೊಯ್ಯುವುದು ನನಗೆ ಬಂದಿಲ್ಲ. ಮಡಿ ಪಾನಾವನ್ನು ಹುಣಸೆಹಣ್ಣಿನಿಂದ ತೊಳೆದು ಒರೆಸಿ, ಧಾಬಳಿಯಲ್ಲಿ ಸುತ್ತಿ, ಡಬ್ಬಿಗಿಟ್ಟೆ. ಕೆಳಗಿನ ಚಪ್ಪಲಿಯ ತುದಿಯಲ್ಲಿ ಇನ್ನೂ ಎರಡು ವಾಷರಿಗೆ ಆಗುವಷ್ಟು ಜಾಗ ಉಳಿದಿದೆ. ಅದಕ್ಕೆ ನಾನು ಬ್ಲೇಡು ತಾಗಿಸಿಲ್ಲ.