ಸಮಕ್ಕೆ ಮುಂಚೆ ಬಿದ್ದ ವಾಹ್

ಸಂಗೀತದ ಮೈಫಿಲಿನಲ್ಲಿ ನಾನು ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತೇನೆ. ಬಾಯಿಯನ್ನೂ ಅಲ್ಲೇ ಇಡಲು ಸಾಧ್ಯವಿದ್ದರೆ ಇಡುತ್ತಿದ್ದೆ. ಹಾಡು ತಾಳದ ಸುತ್ತು ಮುಗಿಸಿ ಮೊದಲ ಪೆಟ್ಟಿಗೆ ಬಂದಿಳಿಯುವ ಜಾಗವನ್ನು ಸಮ ಎನ್ನುತ್ತಾರೆ. ಅಲ್ಲಿ ಇಡೀ ಸಭೆ ಒಟ್ಟಿಗೆ ತಲೆದೂಗಿ ‘ವಾಹ್’ ಎನ್ನುತ್ತದೆ. ಗಡಹಿಂಗ್ಲಜದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದ ನನ್ನ ಅಪ್ಪನ ‘ವಾಹ್’ ಮಾತ್ರ ಯಾವಾಗಲೂ ಒಂದು ಚಿಟಿಕೆ ಮುಂಚೆ ಬೀಳುತ್ತಿತ್ತು. ರೇಡಿಯೊ ಮುಂದೆ ಕೂತಾಗಲೂ ಅಷ್ಟೇ. ಮನೆಯವರೆಲ್ಲ ನಗುತ್ತಿದ್ದರು. ಆ ರೋಗ ನನಗೂ ಬಂದಿರಬಹುದೆಂಬ ಹೆದರಿಕೆಯಿಂದ ನಾನು ಆಯುಷ್ಯಪೂರ್ತಿ ಯಾರಿಗೂ ವಾಹ್ ಎಂದವನಲ್ಲ.

ಈಗ ಕೊಲ್ಹಾಪುರದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದೇನೆ. ದಿನಕ್ಕೊಮ್ಮೆ ಹಾಲಿನವನೊಡನೆ ಮಾತು, ಅದೂ ಹಾಲಿನ ಬಗ್ಗೆ. ಹಾಗಾಗಿ ಗ್ರಂಥಾಲಯದ ಸಂಗೀತ ವಿಭಾಗಕ್ಕೆ ಹೋಗತೊಡಗಿದೆ. ಈ ಭಾಗದಲ್ಲಿ ಬಾಳಿ ಹೋದ ಒಬ್ಬ ಬುವಾ, ಹಿಂದೂಸ್ತಾನಿ ಗವಾಯಿ, ಹಾಡುವ ಬಂದಿಶ್‌ಗಳನ್ನು ಎಷ್ಟೋ ಕಟ್ಟಿದವರು. ಅವರ ಜೀವನ ಬರೆಯುತ್ತೇನೆ ಎಂಬುದು ನೆಪ. ನಿಜವಾಗಿ ನಾನು ಹುಡುಕುತ್ತಿದ್ದುದು ಒಂದು ಸಂಜೆಯನ್ನು.

ನನ್ನ ನೆನಪಿನಲ್ಲಿ ಅದು ಹೀಗಿದೆ: ಇಚಲಕರಂಜಿಯಲ್ಲಿ ಮಗ್ಗದ ಮಾಲೀಕರೊಬ್ಬರ ಮನೆ. ಹಾಡಿಗೆಂದು ಮಗ್ಗ ನಿಲ್ಲಿಸಿದ್ದಾರೆ. ನಾನು ಅಪ್ಪನ ತೊಡೆಯ ಮೇಲಿದ್ದೇನೆ. ಅಪ್ಪ ಮುಂಚೆಯೇ ವಾಹ್ ಅನ್ನುತ್ತಾನೆ. ಬುವಾ ನಕ್ಕು, “ಜರಾ ಥಾಂಬಾ, ತಡೀರಿ ಸಾವಕಾರ್ರ, ನಾ ಇನ್ನೂ ದಾರ್ಯಾಗ ಅದೇನಿ” ಅನ್ನುತ್ತಾರೆ. ಅಪ್ಪನೂ ನಾನೂ ಇಬ್ಬರೇ ಎಲ್ಲಿಗಾದರೂ ಹೋದದ್ದು ಅದೊಂದೇ ಸಲ. ಅದು ಸುಳ್ಳಾದರೆ ನನ್ನ ಪಾಲಿಗೆ ಅಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಬೆನ್ನು ತೋರಿಸಿ ಕೂತ ಒಬ್ಬ ಮನುಷ್ಯ, ಅಷ್ಟೆ.

ಗಡಹಿಂಗ್ಲಜದಲ್ಲೇ ಇರುವ ಅಣ್ಣ ಇದನ್ನು ಒಪ್ಪುವುದಿಲ್ಲ. “ನಾವು ಜೈನರು. ಅಪ್ಪಾ ಹೊತ್ತು ಮುಣಗೂದರಾಗ ಉಂಡು ಮಕ್ಕೊಳ್ಳಾಂವ. ಅಂವ ಮೈಫಿಲಿಗೆ ಹೋಗಿದ್ನ? ಎಲ್ಲೋ ಪುಸ್ತಕದಾಗ ಓದಿ, ಅಪ್ಪನ್ನ ತಂದು ಕೂಡ್ರಿಸೀದಿ” ಅನ್ನುತ್ತಾನೆ. ಅವನನ್ನು ದೂರಲಾರೆ. ವಿಶ್ವವಿದ್ಯಾಲಯದಲ್ಲಿ ನಾನು ಕಲಿತದ್ದು ಇತಿಹಾಸ. ಪರಸ್ಪರ ಸಂಬಂಧವಿಲ್ಲದ ಎರಡು ಸಾಕ್ಷಿ ಸಿಗುವವರೆಗೆ ಏನನ್ನೂ ನಂಬಬೇಡ ಎಂದು ನನಗೆ ಹೇಳಿಕೊಟ್ಟರು, ನಾನೂ ಬೇರೆಯವರಿಗೆ ಹೇಳಿಕೊಟ್ಟೆ. ನನ್ನ ಹತ್ತಿರ ಇದ್ದದ್ದು ಒಂದೇ, ಅದೂ ನಾನೇ.

ನಮ್ಮ ಸಂಗೀತಗಾರರ ಜೀವನಚರಿತ್ರೆಗಳು ಸಾಕ್ಷಿಯ ವಿಷಯದಲ್ಲಿ ಉದಾರವಾಗಿವೆ. ಎಲ್ಲರೂ ಬಡತನದಲ್ಲಿ ಹುಟ್ಟಿ, ಗುರುವಿನ ಮನೆಯಲ್ಲಿ ನೀರು ಹೊತ್ತು, ಒಬ್ಬ ರಾಜನಿಗೆ ಕಣ್ಣೀರು ತರಿಸುತ್ತಾರೆ. ಕಪಾಟಿನ ಸ್ಮರಣ ಸಂಚಿಕೆಗಳಲ್ಲಿ ನಮ್ಮ ಬುವಾ ಎರಡು ಊರುಗಳಲ್ಲಿ ಹುಟ್ಟಿದ್ದರು. ಬಂದಿಶ್‌ನ ಎರಡನೆಯ ಭಾಗವಾದ ಅಂತರಾದಲ್ಲಿ ಅವರು ಹೊಲಿದಿಟ್ಟ ತಮ್ಮ ಹೆಸರನ್ನು ಶಿಷ್ಯರು ಬಿಚ್ಚಿ, ಅಲ್ಲಿ ತಮಗೆ ಬೇಕಾದವರದನ್ನು ಹಾಕಿ ಹಾಡುತ್ತಿದ್ದರು. ಹಾಡು ಉಳಿದಿತ್ತು, ಮನುಷ್ಯ ಸಿಗುತ್ತಿರಲಿಲ್ಲ.

“ಸರ್, ಬುವಾರದು ಇಚಲಕರಂಜಿ ಮೈಫಿಲಿಂದು ಇದೊಂದು ಟೇಪ್ ಉಳದೈತ್ರಿ,” ಎಂದರು ವಿಭಾಗ ನೋಡಿಕೊಳ್ಳುವ ಶುಭಾತಾಯಿ. “ಭಾಳ ಕೆಮ್ಮ ಐತಿ ಅಂತ ಯಾರೂ ಕೇಳಂಗಿಲ್ಲ.”

ಕಂಪ್ಯೂಟರಿಗೆ ಏರಿಸಿದ ಆ ಹಳೆಯ ಟೇಪನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಕೆಮ್ಮು ಸಾಕಷ್ಟಿತ್ತು, ಮೆಣಸಿನಕಾಯಿ ವ್ಯಾಪಾರಿಯದೂ ಇರಬಹುದು, ಇಲ್ಲದೆಯೂ ಇರಬಹುದು. ಬುವಾ ಲಯ ಏರಿಸಿದರು. ಸ್ವರಗಳ ಒಂದು ತಾನ ಮೇಲಕ್ಕೆ ಹೋಗಿ, ಸುತ್ತಿ, ಇಳಿಯತೊಡಗಿತು. ಕೈಗಳು ತೊಡೆಯ ಕೆಳಗೇ ಇದ್ದವು, ಬಾಯಿ ತಪ್ಪಿಸಿಕೊಂಡಿತು. “ವಾಹ್!”

ಅದೇ ಗಳಿಗೆಗೆ ಟೇಪಿನಲ್ಲೂ ಯಾರೋ ವಾಹ್ ಎಂದರು. ಆಮೇಲೆ ಸಮ ಬಿತ್ತು.

ಸಭೆ ನಕ್ಕಿತು. ಬುವಾ ಏನೋ ಅಂದರು. ಎಷ್ಟು ಸಲ ತಿರುಗಿಸಿ ಕೇಳಿದರೂ ಅದು ನಗೆಯೊಳಗೆ ಮುಳುಗಿಯೇ ಇತ್ತು.

“ಸರ್, ಜರಾ ಹಳೂ ರೀ, ಮೆಲ್ಲಕ!” ಶುಭಾತಾಯಿ ಭುಜ ತಟ್ಟಿದರು. “ಹುಡುಗ್ರು ಪರೀಕ್ಷಾಕ್ಕ ಓದಾಕತ್ತಾರ.”

ಹೊರಗೆ ಬಂದು ಅಣ್ಣನಿಗೆ ಫೋನ್ ಮಾಡಿ ಟೇಪಿನ ಬಗ್ಗೆ, ಅದರೊಳಗಿನ ಕೆಮ್ಮಿನ ಬಗ್ಗೆ ಹೇಳಿದೆ. “ಕೆಮ್ಮಿನ ಮಾತು ಬಿಡು,” ಅಂದ. “ಹತ್ತಿ ಧೂಳಿಗೆ ಇಚಲಕರಂಜಿ ಊರಿಗೂರೇ ಕೆಮ್ಮತೈತಿ.”

ವಾಹ್ ಬಗ್ಗೆ ಹೇಳಿದೆ.

“ಮುಂಚೇನ ಬಿತ್ತನ?”

“ಬಿತ್ತು.”

“ಎಷ್ಟು ಮುಂಚೆ?”

“ಬಂದು ಕೇಳು.”

“ಮಂಗಳವಾರ ಬರ್ತೇನಿ,” ಅಂದ. “ಸುಳ್ಳಾದ್ರ ಬಸ್ಸಿನ ತಿಕೀಟು ನಿಂದ.”

ನನ್ನ ಬಾಯಿ ತಪ್ಪಿದ್ದನ್ನು ಅವನಿಗೆ ಹೇಳಿಲ್ಲ. ಟೇಪಿನಲ್ಲಿ ಆ ವಾಹ್ ಎಲ್ಲಿ ಬರುತ್ತದೆ ಎಂಬುದನ್ನೂ ಹೇಳುವುದಿಲ್ಲ. ಹೆಡ್‌ಫೋನ್ ಅವನ ಕಿವಿಗಿಟ್ಟು, ಎದುರು ಕೂತು ಸುಮ್ಮನೆ ಅವನ ಬಾಯಿ ನೋಡುವವನಿದ್ದೇನೆ. ಮಂಗಳವಾರ ಬೀಳಬಹುದಾದ ಕೂಗಿಗೆ ಶುಭಾತಾಯಿಯ ಕ್ಷಮೆಯನ್ನು ಈಗಲೇ ಕೇಳಿಟ್ಟಿದ್ದೇನೆ.