ಸ್ಟೀಲು ಕೊರೆಯುವ ಬಿಟ್

ನನ್ನ ಗಂಡ ತೋಟಪ್ಪ ರೋಣದಲ್ಲಿ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಅಂಗಡಿ ನಡೆಸಿದರು. ಗೇಟು, ಕಿಟಕಿ, ಟ್ರೇಲರ್ ರಿಪೇರಿ. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು, ಅದೂ ಅರ್ಧ. ಹೋದ ವರ್ಷ ಶ್ರಾವಣದಲ್ಲಿ ಎದೆ ಹಿಡಿದುಕೊಂಡು ಅಂಗಡಿಯಲ್ಲೇ ಕುಸಿದರು. ಗದಗಿನ ಆಸ್ಪತ್ರೆ ಮುಟ್ಟಲಿಲ್ಲ.

ಆಗ ಕೈಯಲ್ಲಿದ್ದ ಕೆಲಸ ಡಾಕ್ಟರ್ ನಿರ್ಮಲಾ ಅವರ ದವಾಖಾನೆಯ ಮೆಟ್ಟಿಲಿನ ರೇಲಿಂಗ್. ಪೈಪಿನ ಕೆಲಸ ಮುಗಿದಿತ್ತು. ಕೆಳಗೆ ಕೂರಿಸುವ ನಾಲ್ಕು ಸ್ಟೀಲ್ ಪ್ಲೇಟಿಗೆ ತೂತು ಬೇಕಿತ್ತು, ಒಂದೊಂದಕ್ಕೆ ನಾಲ್ಕು. ಹನ್ನೊಂದು ಅವರು ಹೊಡೆದಿದ್ದರು. ಐದು ಉಳಿದಿದ್ದವು.

ಮೈದುನ ಗುರುಪಾದನಿಗೆ ಗಜೇಂದ್ರಗಡದಲ್ಲಿ ಅಲ್ಯುಮಿನಿಯಂ ಕಿಟಕಿಯ ಅಂಗಡಿ ಇದೆ. ಅವರು ಹೋದ ಮೂರು ತಿಂಗಳಿಗೆ ಬಂದ.

"ವೈನಿ, ಡ್ರಿಲ್ ಮಷೀನ್ ಸುಮ್ನ ತುಕ್ಕ ಹಿಡಿಯಾಕತ್ತೈತಿ. ನಾ ಒಯ್ತೀನ್ರಿ."

"ನಿಮ್ಮಣ್ಣನ ಕೆಲಸ ಉಳದೈತಿ."

"ಯಾರ್ ಮಾಡವ್ರು? ನೀವ?"

"ನಾನ."

ನಕ್ಕ. "ರೊಟ್ಟಿ ಬಡದಂಗಲ್ರಿ ಇದು."

"ರೊಟ್ಟಿ ಬಡಿಯೂದರ ನಿನಗ ಬರ್ತೈತೇನ?"

ಅವನ ಮುಖ ಸಣ್ಣದಾಯಿತು. "ಆತ್ ಬಿಡ್ರಿ. ಬರೂ ಸೋಮವಾರ ಟೆಂಪೋ ತರ್ತೀನಿ. ಅಷ್ಟರಾಗ ನಿಮ್ಮ ಕೈಲೆ ಆತಂದ್ರ ಮಷೀನ್ ಇಲ್ಲೇ ಇರ್ಲಿ."

ಮಷೀನ್ ಹೋದರೆ ಅಂಗಡಿ ಮುಚ್ಚಿದಂತೆ. ನನಗೆ ಪೈಪ್ ಕೊಯ್ಯಲು ಬರುತ್ತದೆ, ಗ್ರೈಂಡರ್ ಹಿಡಿಯಲು ಬರುತ್ತದೆ. ವರ್ಷಗಟ್ಟಲೆ ಅವರ ಪಕ್ಕದಲ್ಲಿ ನಿಂತು ಮಾಡಿದ್ದೇನೆ. ಡ್ರಿಲ್ಲಿಗೆ ಸಿಗಿಸಿ ತೂತು ಕೊರೆಯುವ ಬಿಟ್ ಮಾತ್ರ ಅವರು ಮುಟ್ಟಗೊಡುತ್ತಿರಲಿಲ್ಲ. ಒಮ್ಮೆ ಪಕ್ಕದ ಹನಮಪ್ಪ ಒಂದು ಬಿಟ್ ಕಡ ಕೇಳಿದ. "ಬೈಕ್ ಬೇಕಾದ್ರ ಒಯ್ಯಿ" ಎಂದು ಕೀಲಿ ಕೊಟ್ಟು ಕಳಿಸಿದರು. ಬಿಟ್ ಕೊಡಲಿಲ್ಲ. ಯಾವುದು ಯಾವುದಕ್ಕೆ ಎಂದು ನಾನೂ ಒಮ್ಮೆ ಕೇಳಿದ್ದೆ. "ನಿನಗ್ಯಾಕ ಅದು" ಅಂದರು. ಅಷ್ಟೇ.

ಮಂಗಳವಾರ ಬಿಟ್‌ಗಳ ಡಬ್ಬಿ ತೆರೆದೆ. ಮೂವತ್ತರ ಮೇಲೆ ಬಿಟ್‌ಗಳು, ಸ್ಟೀಲಿಗೆ ಯಾವುದೆಂದು ಒಂದಕ್ಕೂ ಗುರುತಿಲ್ಲ. ಹಾಗೆ ಮಾಡಿಟ್ಟವಳು ನಾನೇ.

ಅಮಾವಾಸ್ಯೆಗೆ ಅಂಗಡಿ ತೊಳೆದು ಸಾಮಾನಿಗೆ ಪೂಜೆ ಮಾಡುವುದು ನಮ್ಮಲ್ಲಿ ವಾಡಿಕೆ. ಅವರಿದ್ದಾಗ ಬಿಟ್‌ಗಳನ್ನು ಎಣ್ಣೆ ಅರಿವೆಯಿಂದ ತಾವೇ ಒರೆಸುತ್ತಿದ್ದರು. ಅವರು ಹೋದ ಮೇಲಿನ ಮೊದಲ ಅಮಾವಾಸ್ಯೆಗೆ ನಾನು ಡಬ್ಬಿ ಸುರುವಿಕೊಂಡು ಕೂತೆ. ಒಂದಷ್ಟು ಬಿಟ್‌ಗಳ ಬುಡಕ್ಕೆ ಕೆಂಪು ಬಣ್ಣ ಅಂಟಿತ್ತು. ಗೇಟಿಗೆ ಹಚ್ಚುವಾಗ ಸಿಡಿದದ್ದು ಅಂದುಕೊಂಡೆ. ಸೀಮೆಎಣ್ಣೆ ಹಾಕಿ, ತಂತಿ ಜುಂಗಿನಿಂದ, ಹಿತ್ತಾಳೆ ಕೊಡ ತಿಕ್ಕಿದಂತೆ ತಿಕ್ಕಿದೆ. ಅವರ ಫೋಟೋದ ಮುಂದೆ ಹರವಿ ಊದುಬತ್ತಿ ಬೆಳಗಿದೆ. ಚೊಕ್ಕ ಮಾಡಿದೆನೆಂದು ಸಮಾಧಾನ ಬೇರೆ.

ಅದು ಸಿಡಿದ ಬಣ್ಣವಲ್ಲ. ಮಗಳ ಉಗುರಿನ ಬಣ್ಣ. ಸ್ಟೀಲಿನ ಬಿಟ್ ಗೊತ್ತಾಗಲಿ ಎಂದು ಅವರು ಹಚ್ಚಿಟ್ಟ ಗುರುತು. ಮಗಳೇ ಆಮೇಲೆ ಹೇಳಿದಳು, ಅಪ್ಪ ಬಾಟಲಿ ಕೇಳಿ ಇಸಿದುಕೊಂಡಿದ್ದ ಎಂದು. ಮಗಳಿಗೆ ಗೊತ್ತು, ನನಗೆ ಗೊತ್ತಿಲ್ಲ. ಅವರ ಮೇಲೂ ಸಿಟ್ಟು ಬಂತು, ನನ್ನ ಮೇಲೂ ಬಂತು.

ಬಂಗಾರದ ಬಣ್ಣದ ಬಿಟ್ ಮೂರು ಇದ್ದವು. ಹೊಳೆಯುತ್ತವೆ, ಒಳ್ಳೆಯವೇ ಇರಬೇಕೆಂದು ಒಂದನ್ನು ಹಾಕಿದೆ. ಲಗೂ ಆಗಲಿ ಎಂದು ಮಷೀನನ್ನು ಜೋರು ಓಟಕ್ಕೆ ಇಟ್ಟೆ. ಕಿರ್ ಎಂದು ಚೀರಿತು. ಹೊಗೆ ಬಂತು. ತುದಿ ನೀಲಿಯಾಗಿ ಸುಟ್ಟಿತು. ಪ್ಲೇಟಿಗೆ ಬರೀ ಒಂದು ಹೊಳೆಯುವ ಗುಳಿ. ಎರಡನೆಯದನ್ನು ಅದೇ ಗುಳಿಗೆ ಒತ್ತಿದೆ, ಅದೂ ಸುಟ್ಟಿತು. ಮೂರನೆಯದೂ. ಬುಧವಾರ ಕರಿ ಬಿಟ್‌ಗಳಲ್ಲಿ ಎರಡು ಹಾಳು ಮಾಡಿದೆ. ಪ್ಲೇಟನ್ನು ಎತ್ತಿ ನೆಲಕ್ಕೆ ಒಗೆದೆ. ಅದಕ್ಕೆ ಏನೂ ಆಗಲಿಲ್ಲ.

ಗುರುವಾರ ಬೆಳಿಗ್ಗೆ ಡಬ್ಬಿ ಚೀಲದಲ್ಲಿ ಹಾಕಿಕೊಂಡು ನರಗುಂದದ ಬಸ್ಸು ಹತ್ತಿದೆ. ಅಲ್ಲಿ ಗುಡ್ಡದ ಕೆಳಗೆ ಕಾಶೀಂಸಾಬರ ಲೇತ್ ಅಂಗಡಿ. ನಮ್ಮವರು ಕೆಲಸ ಕಲಿತದ್ದು ಅವರ ಹತ್ತಿರ. ಸುಟ್ಟ ಬಿಟ್ ನೋಡಿ ಮುದುಕ ತಲೆ ಹಿಡಿದುಕೊಂಡರು.

"ಯಾವ ಓಟಕ್ಕ ಇಟ್ಟಿದ್ದಿ, ತಂಗಿ?"

"ಜೋರ ಇಟ್ಟಿದ್ನಿರಿ."

"ಎಣ್ಣಿ?"

"ಹಾಕಿಲ್ರಿ."

"ಮತ್ತ ಸುಡದ ಏನ್ ಮಾಡ್ತೈತಿ. ಸ್ಟೀಲ್ ಅಂದ್ರ ಕಬ್ಬಿಣ ಅಲ್ಲ. ತಿಕ್ಕಿದಷ್ಟು ಗಟ್ಟಿ ಆಕ್ಕೈತಿ. ಸಾವಕಾಶ ತಿರುಗಬೇಕು, ಜೋರ ಒತ್ತಬೇಕು. ಸುರುಳಿ ಬರಾಕತ್ತಿದ ಮ್ಯಾಲ ಕೈ ಸಡಲ ಬಿಡಬಾರದು."

"ಬಂಗಾರದ್ದು ಚಲೋ ಅಲ್ಲೇನ್ರಿ?"

"ಇವಕ್ಕ ಮ್ಯಾಲಷ್ಟ ಬಂಗಾರದ ಬಣ್ಣ. ಒಳಗ ಸಾದಾ. ನಿನಗ ಬೇಕಾದ್ದು ಕೋಬಾಲ್ಟ್ ಕೂಡಿಸಿದ್ದು. ಅದು ನೋಡಾಕ ಚಂದ ಇರೂದಿಲ್ಲ, ನಿನ್ನ ಗಂಡನಂಗ."

ಅವರು ಹೋದ ಮೇಲೆ ಅವರ ಬಗ್ಗೆ ನಗುವ ಮಾತು ಆಡಿದವರು ಕಾಶೀಂಸಾಬರೊಬ್ಬರೇ. ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಕಣ್ಣಿಗೆ ಭೂತಗನ್ನಡಿ ಹಿಡಿದು ಒಂದೊಂದೇ ಬುಡ ನೋಡಿದರು. ನನಗೆ ಇಂಗ್ಲಿಷ್ ಬರುವುದಿಲ್ಲ. ಅದಕ್ಕೆ ತೋರಿಸಿಕೊಟ್ಟರು: ಬುಡದ ಮೇಲೆ ಕೊರೆದ ಅಕ್ಷರಗಳ ಕೊನೆಗೆ ಅರ್ಧ ಚಂದ್ರ, ಅದರ ಪಕ್ಕ ಪೂರ್ತಿ ಚಂದ್ರ ಇದ್ದರೆ ಕೋಬಾಲ್ಟ್. ತುದಿಯೂ ಬೇರೆ. ಸಾದಾ ಬಿಟ್ಟಿಗೆ ತುದಿ ಚೂಪು, ಸ್ಟೀಲಿನ ಮೇಲೆ ಜಾರುತ್ತದೆ. ಇದರದು ಸ್ವಲ್ಪ ಚಪ್ಪಟೆ, ಇಟ್ಟಲ್ಲೇ ಕಚ್ಚುತ್ತದೆ. ಮೂವತ್ತರಲ್ಲಿ ನಮ್ಮ ಅಳತೆಯವು ಸಿಕ್ಕಿದ್ದು ಎರಡು. ಎರಡನ್ನೂ ಕಲ್ಲಿಗೆ ಹಿಡಿದು ಮಸೆದು ಕೊಟ್ಟರು.

ಶುಕ್ರವಾರ ಕರೆಂಟು ಇರಲಿಲ್ಲ. ಶನಿವಾರ ಬೆಲ್ಟ್ ಕೆಳಗಿಳಿಸಿ ಸಣ್ಣ ಓಟಕ್ಕೆ ಹಾಕಿದೆ. ಎಣ್ಣೆ ಬಿಟ್ಟೆ. ಮೈಭಾರ ಪೂರ್ತಿ ಹಿಡಿಕೆಯ ಮೇಲೆ ಹಾಕಿದೆ. ಬಿಳಿ ಸುರುಳಿ ಎದ್ದು ಬಂತು, ಚಕ್ಕುಲಿಯಂತೆ. ಸಂಜೆಯವರೆಗೆ ಎರಡು ತೂತು ಆದವು. ರಟ್ಟೆ ಮರುದಿನ ಏಳಲಿಲ್ಲ. ಭಾನುವಾರ ಎಡಗೈಯಲ್ಲಿ ಒತ್ತಿ ಇನ್ನೊಂದು ಮಾಡಿದೆ.

ಸೋಮವಾರ ಗುರುಪಾದ ಟೆಂಪೋ ತಂದಾಗ ನಾನು ಹದಿನೈದನೆಯದರ ಮೇಲಿದ್ದೆ. ಮಷೀನ್ ಬಿಚ್ಚಲು ಪಾನಾ ಹಿಡಿದು ಒಳಗೆ ಬಂದವನು ನಿಂತ. ತೂತು ಆಚೆ ಬೀಳುವ ಹೊತ್ತಿಗೆ ಬಿಟ್ ಸಿಕ್ಕಿ ಪಟ್ ಎಂದು ಮುರಿಯಿತು. ಇನ್ನೊಂದು ಆಗಲೇ ಮೊಂಡಾಗಿತ್ತು. ಮುರಿದ ಚೂರನ್ನು ಕೆಳಗಿನಿಂದ ಬಡಿದು ಬೀಳಿಸಿದೆ. ತೂತು ಆಗಿತ್ತು.

ಅವನು ಬೆರಳು ಹಾಕಿ ಎಣಿಸಿದ. "ಒಂದ ಉಳೀತಲ್ರಿ, ವೈನಿ."

"ಉಳೀತು."

"ಸೋಮವಾರ ಅಂತ ಮಾತಾಗಿತ್ತು."

"ನಿಮ್ಮಣ್ಣ ಹನ್ನೊಂದ ಹೊಡದ, ನಾ ನಾಕ್ ಹೊಡದೀನಿ. ನೀ ಒಂದ ಹೊಡದ ತೋರಸು, ಆಮ್ಯಾಲ ಮಷೀನ್ ಒಯ್ಯಿ."

ಉಳಿದದ್ದು ನಾನು ಮೊದಲ ದಿನ ತಿಕ್ಕಿ ತಿಕ್ಕಿ ಗಟ್ಟಿ ಮಾಡಿದ ಗುಳಿ. ಅವನು ಕಿಸೆಯಿಂದ ತನ್ನ ಬಿಟ್ ತೆಗೆದು ಹಾಕಿದ. ಅಲ್ಯುಮಿನಿಯಂ ಕೊರೆಯುವ ಸಾದಾ ಬಿಟ್. ನಾನು ಬದಿಗೆ ಸರಿದೆ. ಎರಡು ನಿಮಿಷಕ್ಕೆ ಹೊಗೆ ಬಂತು. ತುದಿ ಮುಟ್ಟಿ ಬೆರಳು ಬಾಯಿಗಿಟ್ಟುಕೊಂಡ.

"ಗದಗಕ್ಕ ಹೋಗು" ಅಂದೆ. "ಟೆಂಪೋ ಖಾಲಿನ ಐತೆಲ್ಲ. ಕೋಬಾಲ್ಟ್ ಅಂತ ಕೇಳು. ಬುಡದಾಗ ಕೊರದ ಅಕ್ಷರ ನೋಡಿ ತೊಗೊ, ಅಂಗಡ್ಯಾಂವ ಹೇಳಿದ್ದು ನಂಬಬ್ಯಾಡ. ತುದಿ ಚಪ್ಪಟಿ ಇರಬೇಕು. ಎರಡ ತಾ, ಒಂದ ಮುರಿತೈತಿ. ಪ್ಲೇಟ್ ಹೊಳ್ಳಿ ಹಾಕಿ ಆ ಕಡಿಯಿಂದ ಹೊಡಿತೀನಿ."

ಪಾನಾ ಮೇಜಿನ ಮೇಲೆ ಇಟ್ಟ. "ಅಳತಿ ಎಷ್ಟ್ರಿ?"

ಮುರಿದ ಬಿಟ್ಟಿನ ಬುಡವನ್ನು ಅವನ ಕೈಗೆ ಕೊಟ್ಟೆ.